ಕಟ್ಟೆ, ಮಾಳಿಗೆ ಮತ್ತು ಮಲ್ಲಯ್ಯನ ದಾರಿ

ಹೋದ ವರ್ಷ ವಾಸ್ತುಶಿಲ್ಪ ಕಲಿಸುವ ಕಾಲೇಜೊಂದು ಕೊನೆಯ ವರ್ಷದ ವಿದ್ಯಾರ್ಥಿಗಳ ನಕಾಶೆಗಳನ್ನು ನೋಡಿ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿತ್ತು. ನಾನು ವಾಸ್ತುಶಿಲ್ಪಿಯಲ್ಲ, ಸಿಮೆಂಟು, ಕಬ್ಬಿಣದ ಲೆಕ್ಕ ಬರೆಯುತ್ತಲೇ ನಿವೃತ್ತನಾದ ಸಿವಿಲ್ ಎಂಜಿನಿಯರು. ಇಂಥವನೊಬ್ಬ ಇರಲಿ ಎಂದು ಕರೆದಿರಬೇಕು. ಸಾಲಾಗಿ ತೂಗುಹಾಕಿದ ಹಾಳೆಗಳ ನಡುವೆ ಒಂದು ಕಡೆ ಕಾಲು ತಾನಾಗಿ ನಿಂತಿತು. ‘ಶ್ರೀಶೈಲ ಪಾದಯಾತ್ರಿಗಳಿಗೆ ಸುಸ್ಥಿರ ಮಣ್ಣಿನ ತಂಗುದಾಣ’ ಎಂಬ ತಲೆಬರಹ. ಕೆಳಗೆ ಏಳು ಹಾಳೆ.

ಚಿತ್ರಗಳು ಚೆನ್ನಾಗಿದ್ದವು. ಕೆಂಪು ಮಣ್ಣಿನ ಇಟ್ಟಿಗೆಯ ಮೂರು ಗುಮ್ಮಟಗಳು, ನಡುವೆ ದುಂಡನೆಯ ಅಂಗಳ, ಅಂಗಳದಲ್ಲಿ ಬೇವಿನ ಮರ, ಗೋಡೆಯ ಮೇಲೆ ಓರೆಯಾಗಿ ಬಿದ್ದ ಸಂಜೆಬಿಸಿಲು. ಗೋಡೆಯ ಉದ್ದಕ್ಕೂ ಮೊಣಕಾಲಿನೆತ್ತರದಲ್ಲಿ ದೀಪದ ಗೂಡುಗಳು. ಅಂಗಳದಲ್ಲಿ ನಾಲ್ಕೈದು ಜನರನ್ನು ನಿಲ್ಲಿಸಿದ್ದರು. ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುವ ಜನ ಅವರು. ಎಲ್ಲರ ಕಾಲಲ್ಲೂ ಬೂಟು, ಒಬ್ಬನ ಬೆನ್ನಿಗೆ ಚಾರಣದ ಚೀಲ, ಒಬ್ಬಳ ಕೈಯಲ್ಲಿ ಪುಸ್ತಕ. ಮಲ್ಲಯ್ಯನಿಗೆ ಹೋಗುವವರಲ್ಲಿ ಇಂಥವರನ್ನು ನಾನು ಒಬ್ಬರನ್ನೂ ಕಂಡಿಲ್ಲ.

ಕಂಡಿಲ್ಲ ಎಂದು ಧೈರ್ಯವಾಗಿ ಹೇಳಲು ಕಾರಣವಿದೆ. ನಮ್ಮೂರು ಬಾಗಲಕೋಟೆ ಸೀಮೆಯಲ್ಲಿ ಆ ದಾರಿಯ ಮೇಲೆಯೇ ಇದೆ. ಹೋಳಿ ಹುಣ್ಣಿಮೆ ಕಳೆಯುವುದೇ ತಡ, ಬೆಳಗಾವಿ, ಜಮಖಂಡಿ, ವಿಜಯಪುರದ ಕಡೆಯಿಂದ ಜನ ಹೊರಡುತ್ತಾರೆ. ಕಂಬಿ ಹೊತ್ತವರು, ಹರಕೆಗೆ ಮರಗಾಲು ಕಟ್ಟಿಕೊಂಡವರು, ಸೊಸೆಯ ಕೈಯಲ್ಲಿ ಮನೆ ಒಪ್ಪಿಸಿ ಬಂದ ಮುದುಕಿಯರು. ರಾಯಚೂರು, ಕರ್ನೂಲು, ಆತ್ಮಕೂರು ದಾಟಿ ವೆಂಕಟಾಪುರದ ಬಳಿ ನಲ್ಲಮಲೆಯ ಕಾಡು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಳನು, ಕೈಲಾಸದ್ವಾರ ಹಾದು ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟಬೇಕು. ನೂರಾರು ಕಿಲೋಮೀಟರಿನ ನಡಿಗೆ. ಭ್ರಮರಾಂಬೆ ಇವರಿಗೆ ಮನೆಮಗಳು. ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಸೀರೆ ಕುಬಸ, ಅರಿಸಿನ ಕುಂಕುಮ ಗಂಟು ಕಟ್ಟಿಕೊಂಡು ಹೋಗುತ್ತಾರೆ. ನಮ್ಮ ಮನೆಯ ಪಡಸಾಲೆಯಲ್ಲಿ ಅವರು ಮಲಗಿ ಎದ್ದು ಹೋಗುವುದನ್ನು ನೋಡುತ್ತಲೇ ನಾನು ಬೆಳೆದೆ. ಹಾಗಾಗಿ ಆ ಏಳು ಹಾಳೆಗಳನ್ನು ಬೇರೆ ಹಾಳೆಗಳಂತೆ ನೋಡಲು ನನಗೆ ಆಗಲಿಲ್ಲ. ಆ ಹುಡುಗಿಗೆ ಅಂದು ಹೇಳಿದ್ದು ಅರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈಚೆಗೆ ಇಂಥ ನಕಾಶೆಗಳು ಒಂದೆರಡಲ್ಲ. ಮಣ್ಣು, ಸುಸ್ಥಿರತೆ, ಯಾತ್ರಿಕ ಎಂಬ ಮೂರು ಪದಗಳು ಸೇರಿದರೆ ಸ್ಪರ್ಧೆಗೊಂದು ಚಿತ್ರ ತಯಾರಾಗುತ್ತದೆ.

ಮೊದಲು ಅವಳು ಸರಿಯಾಗಿ ಮಾಡಿದ್ದನ್ನು ಹೇಳಬೇಕು. ಅದೂ ಅವಳಿಗೇ ಗೊತ್ತಿಲ್ಲದೆ ಸರಿಯಾಗಿ ಮಾಡಿದ್ದು. ಮೂರನೆಯ ಹಾಳೆಯಲ್ಲಿ ಒಂದು ‘ದೋಷ’ ಬರೆದುಕೊಂಡಿದ್ದಳು: ಮಣ್ಣಿನ ಗೋಡೆ ಹಗಲಿನ ಶಾಖವನ್ನು ಹೀರಿ ರಾತ್ರಿ ಒಳಗೆ ಬಿಡುತ್ತದೆ, ಆದ್ದರಿಂದ ರಾತ್ರಿ ಸೆಕೆ. ಅದಕ್ಕೆ ಪರಿಹಾರವಾಗಿ ಗುಮ್ಮಟದ ನೆತ್ತಿಯ ಮೇಲೆ ಗಾಳಿ ಹಿಡಿಯುವ ಗೋಪುರ, ಅದಕ್ಕೊಂದು ಸೌರಫ್ಯಾನು. ದೋಷವೇನೋ ನಿಜ. ಒಂಬತ್ತು ಇಂಚಿನ ಮಣ್ಣಿನ ಗೋಡೆಯ ಹೊರಮೈಗೆ ಬಿದ್ದ ಬಿಸಿ ಒಳಮೈ ಮುಟ್ಟಲು ಆರೇಳು ತಾಸು ಬೇಕು, ಒಂದೂವರೆ ಮೊಳದ ಹಳೆಯ ಗೋಡೆಯಾದರೆ ಹತ್ತು ತಾಸಿಗೂ ಮೇಲೆ. ಆದರೆ ಮಾರ್ಚ್ ಏಪ್ರಿಲಿನ ಬಿಸಿಲಲ್ಲಿ ನಡೆಯುವವರು ರಾತ್ರಿ ಒಳಗೆ ಮಲಗುತ್ತಾರೆಂದು ಇವಳಿಗೆ ಹೇಳಿದವರು ಯಾರು? ಅವರು ಬೆಳಗಿನ ಮೂರಕ್ಕೆ ಎದ್ದು ಹೊರಡುತ್ತಾರೆ. ಹತ್ತು ಗಂಟೆಗೆ ಎಲ್ಲಾದರೂ ನೆರಳು ಹಿಡಿಯುತ್ತಾರೆ. ಇಳಿಹೊತ್ತಿಗೆ ಮತ್ತೆ ರಸ್ತೆ. ರಾತ್ರಿ ನಾಲ್ಕು ತಾಸು ಒರಗುವುದು ಬಯಲಲ್ಲಿ, ಇಲ್ಲವೆ ಮಾಳಿಗೆಯ ಮೇಲೆ, ಚಿಕ್ಕೆಗಳ ಕೆಳಗೆ. ಅಂದರೆ ಅವರಿಗೆ ತಂಪು ಬೇಕಾದದ್ದು ಹತ್ತರಿಂದ ನಾಲ್ಕರವರೆಗೆ. ಆ ಹೊತ್ತಿನಲ್ಲಿ ಬಿಸಿಲು ಇನ್ನೂ ಗೋಡೆಯ ಹೊಟ್ಟೆಯಲ್ಲೇ ಇರುತ್ತದೆ. ಅದು ಒಳಗೆ ಇಳಿಯುವ ಹೊತ್ತಿಗೆ ಕೋಣೆ ಖಾಲಿ. ಮಣ್ಣಿನ ಗೋಡೆಯ ಗಡಿಯಾರವೂ ಪಾದಯಾತ್ರಿಯ ಗಡಿಯಾರವೂ ಇಷ್ಟು ಚೆನ್ನಾಗಿ ಹೊಂದುತ್ತವೆ. ಗಾಳಿಗೋಪುರ, ಫ್ಯಾನು ಎರಡನ್ನೂ ತೆಗೆದು ಆ ದುಡ್ಡಿನಲ್ಲಿ ಮಾಳಿಗೆಗೊಂದು ಮೆಟ್ಟಿಲು ಮಾಡು ಎಂದೆ. ‘ಗುಮ್ಮಟಕ್ಕೆ ಮೆಟ್ಟಿಲು ಹೇಗೆ ಸರ್?’ ಎಂದಳು. ಅದೇ ನನ್ನ ಎರಡನೆಯ ಪ್ರಶ್ನೆಯಾಗಿತ್ತು.

ಗುಮ್ಮಟ ಯಾಕೆ? ಸುಸ್ಥಿರ ಎಂಬ ಪದ ಬಂದ ಕೂಡಲೇ ಈ ಹಾಳೆಗಳಲ್ಲಿ ಗುಮ್ಮಟ ಏಳುತ್ತದೆ. ಈಜಿಪ್ಟಿನ ಹಸನ್ ಫಾತಿ 1940ರ ದಶಕದಲ್ಲಿ ಲಕ್ಸರ್ ಬಳಿ ಹೊಸ ಗುರ್ನಾ ಎಂಬ ಊರನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಿಸಿದ್ದು, ಆಮೇಲೆ ಅದರ ಕಥೆ ಬರೆದದ್ದು ಇದಕ್ಕೆ ದೊಡ್ಡ ಸ್ಫೂರ್ತಿ. 1973ರಲ್ಲಿ ಶಿಕಾಗೋದಿಂದ ಬಂದ ಆ ಪುಸ್ತಕವನ್ನು ನಾನೂ ಗೌರವದಿಂದ ಓದಿದವನೇ. ಮರವಿಲ್ಲದ ನಾಡಿನಲ್ಲಿ ಆಸರೆಯ ಚೌಕಟ್ಟಿಲ್ಲದೆ ಮಣ್ಣಿನ ಕಮಾನು ಎಬ್ಬಿಸುವ ನುಬಿಯಾದ ಮೇಸ್ತ್ರಿಗಳ ಕಸುಬನ್ನು ಅವರು ಉಳಿಸಿದರು. ಆದರೆ ಆ ಊರಿಗೆ ಜನ ಬರಲಿಲ್ಲ. ಬಾರದಿರಲು ಅವರವರ ಹೊಟ್ಟೆಪಾಡಿನ ಕಾರಣಗಳಿದ್ದವು. ಗುಮ್ಮಟವೆಂದರೆ ಅಲ್ಲಿನವರಿಗೆ ಗೋರಿ ನೆನಪಾಗುತ್ತಿತ್ತು ಎಂಬ ಟೀಕೆಯೂ ಇದೆ. ವಿಜಯಪುರದ ಕಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಳಗುಮ್ಮಟ ನೋಡಲು ಹೋಗುತ್ತೇವೆ, ಬೆರಗಾಗುತ್ತೇವೆ, ಚಾಪೆ ಹಾಸುವುದಿಲ್ಲ.

ನಮ್ಮ ಸೀಮೆಯ ಉತ್ತರ ಮಾಳಿಗೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಹುಳ ಹತ್ತದಂತೆ ಬೇವು, ಲಕ್ಕಿಯ ಸೊಪ್ಪು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಈ ಸವಳು ಮಣ್ಣಿನ ಬಗ್ಗೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಬೆಳೆ ಬಾರದ, ಬಿಳಿ ಪುಡಿ ಎದ್ದ ನೆಲದ ಮಣ್ಣು ಅದು. ಅದರಲ್ಲಿರುವ ಸೋಡಿಯಂ, ಮಣ್ಣಿನ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟದಂತೆ ಬಿಡಿಸುತ್ತದೆ. ಮೊದಲ ಮಳೆ ಬಿದ್ದಾಗ ಆ ನುಣ್ಣನೆಯ ಕಣಗಳು ಸಂದಿಗಳಲ್ಲಿ ಇಳಿದು ಕೂತು ಮಾಳಿಗೆಯನ್ನು ಮುಚ್ಚಿಬಿಡುತ್ತವೆ, ನೀರು ಇಳಿಯುವುದಿಲ್ಲ. ಹುಲ್ಲೂ ಬೆಳೆಯುವುದಿಲ್ಲ. ಹೊಲಕ್ಕೆ ಶಾಪವಾದದ್ದು ತಲೆಯ ಮೇಲೆ ಸೂರಾಯಿತು. ಮೃಗಶಿರ ಮಳೆ ಬರುವ ಮುಂಚೆ ಅಪ್ಪ ಬುಟ್ಟಿಯಲ್ಲಿ ಆ ಮಣ್ಣು ತರಿಸಿ ಮಾಳಿಗೆಯ ಮೇಲೆ ಹರಡಿಸುತ್ತಿದ್ದ. ವರ್ಷಕ್ಕೊಮ್ಮೆ ಮಾಡಬೇಕು, ಬಿಟ್ಟರೆ ಸೋರುತ್ತದೆ.

ಸ್ಥಳೀಯ ಮಣ್ಣು ಎಂದು ಹಾಳೆಯ ಮೇಲೆ ಬರೆಯುವುದು ಸುಲಭ. ನಮ್ಮ ದಾರಿಯಲ್ಲಿ ಕಾಲ ಕೆಳಗಿರುವ ಮಣ್ಣು ಬಹುಮಟ್ಟಿಗೆ ಎರೆ. ಬಿಳಿಜೋಳಕ್ಕೆ ಬಂಗಾರ, ಗೋಡೆಗೆ ಮೋಸ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬೆರಳು ತೂರುವಷ್ಟು ಬಿರಿಯುತ್ತದೆ. ಆ ಹುಡುಗಿ ಸೂಚಿಸಿದ್ದ, ನೂರಕ್ಕೆ ಐದು ಪಾಲು ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ ಒಳ್ಳೆಯದೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ, ಅಲ್ಲಿನ ಕೆ.ಎಸ್. ಜಗದೀಶ್ ಮೊದಲಾದವರು ಅದರ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಆದರೆ ಅದಕ್ಕೆ ಮರಳು ಹೆಚ್ಚಿರುವ ಮಣ್ಣು ಬೇಕು. ಜೇಡಿ ಹೆಚ್ಚಿರುವ ಎರೆಗೆ ಸಿಮೆಂಟಿಗಿಂತ ಸುಣ್ಣವೇ ಒಗ್ಗುತ್ತದೆ. ಇಲ್ಲವೇ ಗರಸು ಇರುವ ದಿಣ್ಣೆಯಿಂದ ಮಣ್ಣು ಹೇರಬೇಕು. ಹೇರುವ ಟ್ರಾಕ್ಟರಿನ ಡೀಸೆಲ್ ಲೆಕ್ಕ ಆ ಹಾಳೆಗಳಲ್ಲಿ ಇರಲಿಲ್ಲ. ಇದು ಸಣ್ಣ ತಪ್ಪು, ತಿದ್ದಬಹುದು.

ತಿದ್ದಲು ಕಷ್ಟವಾದದ್ದು ಬೇರೆ. ಆ ನಕಾಶೆಯಲ್ಲಿ ಕಟ್ಟಡವಿತ್ತು, ಪಾದವಿರಲಿಲ್ಲ.

ಐದಾರು ದಿನ ನಡೆದವರ ಪಾದ ನೋಡಿದ್ದೀರಾ? ಬೊಬ್ಬೆ ಎದ್ದು, ಒಡೆದು, ಅದರ ಮೇಲೆ ಅರಿಸಿನ ಎಣ್ಣೆ ಮೆತ್ತಿ ಬಟ್ಟೆ ಸುತ್ತಿರುತ್ತಾರೆ. ಮೀನಖಂಡ ಕಲ್ಲಾಗಿರುತ್ತದೆ. ಅಂಥವರಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ನಡೆಯುವುದಲ್ಲ, ಕೂತಲ್ಲಿಂದ ಏಳುವುದು. ನಕಾಶೆಯ ಅಂಗಳದ ಸುತ್ತ ಒಂಬತ್ತು ಇಂಚಿನ ಮೆಟ್ಟಿಲುಗಳಿದ್ದವು, ‘ಸಂವಾದಕ್ಕೆ’ ಎಂದು ಬರೆದಿತ್ತು. ಅಷ್ಟು ಕೆಳಗೆ ಕೂತ ಮುದುಕಿಯನ್ನು ಇಬ್ಬರು ಎತ್ತಬೇಕಾಗುತ್ತದೆ. ನಮ್ಮ ಊರುಗಳ ಕಟ್ಟೆ ಒಂದೂವರೆ ಅಡಿಗೆ ನಿಲ್ಲುತ್ತದೆ. ಹಿಂದಕ್ಕೆ ಒರಗಲು ಗೋಡೆ, ಏಳುವಾಗ ಹಿಡಿಯಲು ಕಂಬ. ಹಳೆಯ ದಾರಿಗಳ ಬದಿಯಲ್ಲಿ ಹೊರೆಗಲ್ಲು ಇರುತ್ತಿದ್ದವು. ತಲೆಹೊರೆಯವರು ಇನ್ನೊಬ್ಬರ ಕೈ ಕೇಳದೆ ಹೊರೆಯನ್ನು ಸರಿಸಿ ಇಳಿಸಬೇಕು, ಮತ್ತೆ ಅಲ್ಲಿಂದಲೇ ತಲೆಗೇರಿಸಿಕೊಳ್ಳಬೇಕು; ಅದರ ಎತ್ತರವೇ ಅದರ ವಿನ್ಯಾಸ. ಅರವಟಿಗೆ ಎಂಬ ಪದವೊಂದು ನಮ್ಮಲ್ಲಿದೆ: ಬೇಸಗೆಯ ದಾರಿಯಲ್ಲಿ ಚಪ್ಪರ ಹಾಕಿ ನೀರು ಕೊಡುವ ಜಾಗ. ಅದರಲ್ಲಿ ಕಟ್ಟಡವೇ ಇಲ್ಲ. ನೆರಳು, ಗಡಿಗೆ, ಕೊಡುವ ಒಂದು ಕೈ, ಅಷ್ಟೇ.

ನಡೆದು ಬಂದವರು ಮೊದಲು ಕೇಳುವುದು ನೀರು. ಮಣ್ಣಿನ ಗೋಡೆಗೆ ಮೊದಲ ಶತ್ರುವೂ ನೀರೇ. ಇಂಗ್ಲೆಂಡಿನ ಡೆವನ್ ಸೀಮೆಯವರೂ ಮಣ್ಣಿನ ಗೋಡೆಗೆ ತಲೆಗೊಂದು ಟೋಪಿ, ಕಾಲಿಗೊಂದು ಬೂಟು ಬೇಕು ಎನ್ನುತ್ತಾರಂತೆ. ನಮ್ಮವರು ಮಾತಾಡದೆ ಕಲ್ಲಿನ ತಳಪಾಯವನ್ನು ಮೊಣಕಾಲಿನವರೆಗೆ ಏರಿಸಿದರು. ಈ ನಕಾಶೆಯಲ್ಲಿ ಗೋಡೆ ನೆಲದಿಂದಲೇ ಎದ್ದಿತ್ತು, ನಲ್ಲಿಗಳು ಆ ಗೋಡೆಗೇ ಅಂಟಿಕೊಂಡಿದ್ದವು. ನೂರು ಜನ ಅಲ್ಲಿ ಕಾಲು ತೊಳೆದರೆ ಗೋಡೆಯ ಬುಡ ಎರಡು ಯುಗಾದಿ ಕಾಣದು. ಬಚ್ಚಲು, ಪಾಯಖಾನೆ ಹಿಂಬದಿಯಲ್ಲಿ ತೆಳು ಗೆರೆಯ ಎರಡು ಚೌಕ. ಇಡೀ ಯೋಜನೆಯಲ್ಲಿ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಆ ಎರಡು ಚೌಕಗಳನ್ನು. ದಾರಿಯಲ್ಲಿ ಮರೆಯಿಲ್ಲವೆಂದು ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ನಮ್ಮ ಪಡಸಾಲೆಯಲ್ಲಿ ತಲೆಸುತ್ತಿ ಬಿದ್ದವರೆಲ್ಲ ಹೆಂಗಸರೇ. ಅವ್ವ ಅವರಿಗೆ ಬೆಲ್ಲದ ಪಾನಕ ಕೊಡುವ ಮೊದಲು ಹಿತ್ತಲಿನ ಬಾಗಿಲು ತೋರಿಸುತ್ತಿದ್ದಳು.

ಇಂಥ ಹಾಳೆಗಳಲ್ಲಿ ‘ಪ್ರೇರಣೆ’ ಎಂಬ ಮೂಲೆಯಲ್ಲಿ ತಪ್ಪದೆ ಬರುವುದು ಮೆಕ್ಸಿಕೋದ ಒಂದು ಯಾತ್ರಾಪಥ. ಹಾಲಿಸ್ಕೋ ರಾಜ್ಯದಲ್ಲಿ ಅಮೇಕಾದಿಂದ ಬೆಟ್ಟ ದಾಟಿ ತಾಲ್ಪಾ ಎಂಬ ಊರಿನ ಮಾತೆಯ ಇಗರ್ಜಿಗೆ 117 ಕಿಲೋಮೀಟರು. ತತಿಯಾನಾ ಬಿಲ್ಬಾವೊ, ಡೆರೆಕ್ ಡೆಲೆಕಾಂಪ್ ಮುಂದಾಗಿ, ಚೀನಾದ ಐ ವೈವೈ, ಚಿಲಿಯ ಎಲೆಮೆಂಟಲ್ ತಂಡ ಮುಂತಾದವರೆಲ್ಲ ಆ ದಾರಿಗೆ ಒಂದೊಂದು ಕಟ್ಟಡ ವಿನ್ಯಾಸ ಮಾಡಿದರು. ಬೆಟ್ಟದ ಮೇಲಿನ ಬಿಳಿಯ ಉಂಗುರ, ಆಕಾಶಕ್ಕೆ ನಿಂತ ಕಾಂಕ್ರೀಟ್ ಹಲಗೆಗಳು, ಕಣಿವೆ ನೋಡುವ ಅಟ್ಟಗಳು. ಫೋಟೋಗಳಲ್ಲಿ ಅವು ಮನಸ್ಸು ಹಿಡಿಯುತ್ತವೆ. ಅಲ್ಲಿ ಹೆಚ್ಚಿನವು ನಿಂತು ನೋಡಲು ಇರುವವು. ಮಲಗಲೆಂದೇ ಕಟ್ಟಿದ್ದು ಲೂಯಿಸ್ ಅಲ್ದ್ರೇತೆಯವರ ತಂಗುದಾಣಗಳು, ಅವು ಈ ಮೂಲೆಗಳಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ವಿದ್ಯಾರ್ಥಿಗಳು ಕಣ್ಣಿಗೆ ಕಟ್ಟಿದ್ದನ್ನು ಆರಿಸಿ, ಬೆನ್ನಿಗೆ ಕಟ್ಟಿದ್ದನ್ನು ಬಿಡುತ್ತಾರೆ.

ಇನ್ನೊಂದು ಮಾತು, ಬೇಗ ಹೇಳಿ ಮುಗಿಸುತ್ತೇನೆ. ಅವಳು ಒಂದೇ ಅಚ್ಚಿನ ತಂಗುದಾಣವನ್ನು ಬಾಗಲಕೋಟೆಯಿಂದ ಕೈಲಾಸದ್ವಾರದವರೆಗೆ ಒಂಬತ್ತು ಕಡೆ ಇಟ್ಟಿದ್ದಳು. ವೆಂಕಟಾಪುರ ದಾಟಿದ ಮೇಲಿನದು ಹುಲಿಗಳಿಗೆಂದು ಕಾದಿಟ್ಟ ಕಾಡು, ಚೆಂಚು ಜನರ ಮನೆ. ವರ್ಷಕ್ಕೆ ಹದಿನೈದು ದಿನ ಬರುವ ನಾವು ಅಲ್ಲಿ ಸಿಮೆಂಟು ಕೂಡಿದ ಇಟ್ಟಿಗೆಯನ್ನು ಉಳಿಸಿಬರಬಾರದು. ಅದು ಮರಳಿ ಮಣ್ಣಾಗುವುದಿಲ್ಲ. ಅಲ್ಲಿಗೆ ಬಿದಿರಿನ ಗಳ, ಹುಲ್ಲಿನ ಚಪ್ಪರ ಸಾಕು. ಯುಗಾದಿ ಮುಗಿದ ಮರುವಾರ ಬಿಚ್ಚಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಕಲ್ಲಿನ ಮೆಟ್ಟಿಲು ಕಟ್ಟಿಸಿದನೆಂದು ಚರಿತ್ರೆಯಲ್ಲಿದೆ. ರಾಜನ ಕಲ್ಲು ಉಳಿಯಿತು, ಹೆಸರೂ ಉಳಿಯಿತು. ಆ ಮೆಟ್ಟಿಲವರೆಗೆ ಜನರನ್ನು ಮುಟ್ಟಿಸಿದ ಸಾವಿರ ಪಡಸಾಲೆಗಳು ಮಣ್ಣಿಗೆ ಮಣ್ಣಾದವು, ಅವುಗಳ ಚರಿತ್ರೆ ಎಲ್ಲಿಯೂ ಇಲ್ಲ.

ಈಗ ಮುಖ್ಯ ವಿಷಯಕ್ಕೆ. ನನ್ನ ಸರದಿ ಬಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಇದಕ್ಕೆ ಮುಂದಿನ ವರ್ಷ ಸಾರಣೆ ಮಾಡುವವರು ಯಾರು?’ ಹುಡುಗಿ ನಿರ್ವಹಣಾ ಸಮಿತಿ ಎಂದಳು. ಯಾತ್ರಿಕರು ಬರುವುದು ಚೈತ್ರದ ಮುನ್ನ. ಗೋಡೆ ಕರಗುವುದು ಆಷಾಢ ಶ್ರಾವಣದಲ್ಲಿ, ಒಳಗೆ ಒಂದು ನಾಯಿಯೂ ಇಲ್ಲದಾಗ. ಖಾಲಿ ಬಿದ್ದ ಮಣ್ಣಿನ ಮನೆಗೆ ಗೆದ್ದಲು ಹತ್ತುತ್ತದೆ, ಇಲಿ ತೋಡುತ್ತದೆ, ಮಳೆನೀರು ಒಂದು ಬಿರುಕು ಹುಡುಕಿಕೊಳ್ಳುತ್ತದೆ. ಸಮಿತಿ ಸಭೆ ಸೇರುವ ಹೊತ್ತಿಗೆ ಒಂದು ಮೂಲೆ ಕೂತಿರುತ್ತದೆ. ಊರಾಚೆ ಒಂಟಿಯಾಗಿ ನಿಂತ ಮಣ್ಣಿನ ತಂಗುದಾಣ ಬದುಕುವುದಿಲ್ಲ. ಊರೊಳಗೆ, ಗುಡಿಗೋ ಶಾಲೆಗೋ ಹಿಟ್ಟಿನ ಗಿರಣಿಗೋ ಬೆನ್ನು ಹಚ್ಚಿ ಕಟ್ಟಿದರೆ, ಮಿಕ್ಕ ದಿನ ಅಲ್ಲಿ ಮಕ್ಕಳು, ಮುದುಕರು, ಜೋಳದ ಚೀಲ ಏನಾದರೂ ಇದ್ದರೆ ಬದುಕೀತು. ನಮ್ಮಲ್ಲಿ ಪಂಚಾಂಗವೇ ನಿರ್ವಹಣಾ ಸಮಿತಿಯಾಗಿತ್ತು. ಯುಗಾದಿಗೆಂದು ಪ್ರತಿ ಮನೆಯ ಗೋಡೆ ಸಾರಿಸಿ ಸುಣ್ಣ ಬಳಿಯುತ್ತಿದ್ದರು, ಮೃಗಶಿರಕ್ಕೆಂದು ಮಾಳಿಗೆ ಮೆತ್ತುತ್ತಿದ್ದರು. ಯಾತ್ರಿಕರಿಗಾಗಿ ಯಾರೂ ಏನನ್ನೂ ಕಟ್ಟಲಿಲ್ಲ. ಹೇಗೂ ಸಾರಿಸಿದ ಮನೆಗೆ ಅವರು ಬಂದು ಮಲಗುತ್ತಿದ್ದರು.

ಇಷ್ಟೆಲ್ಲ ಹೇಳುವ ನಾನು ಮಾಡಿದ್ದನ್ನೂ ಹೇಳಬೇಕು. 1999ರಲ್ಲಿ ನಮ್ಮ ಮಾಳಿಗೆ ಮನೆಯನ್ನು ಕೆಡವಿಸಿ ಆರ್‌ಸಿಸಿ ಹಾಕಿಸಿದವನು ನಾನೇ. ಸವಳು ಮಣ್ಣು ಹೊರುವ ಆಳು ಸಿಗುತ್ತಿರಲಿಲ್ಲ, ಮಾಳಿಗೆ ಎರಡು ಕಡೆ ಸೋರುತ್ತಿತ್ತು, ಅವ್ವನಿಗೆ ಸಾರಿಸಲು ಬೆನ್ನು ಬಾಗುತ್ತಿರಲಿಲ್ಲ. ಈ ಕಾರಣಗಳೆಲ್ಲ ನಿಜ. ಮಣ್ಣಿನ ಮನೆಯ ಚೆಲುವನ್ನು ಬರೆಯುವವರು ಹೆಂಗಸರ ಬೆನ್ನಿನ ಲೆಕ್ಕ ಇಡುವುದಿಲ್ಲವೆಂದು ಈಗಲೂ ವಾದ ಮಾಡಬಲ್ಲೆ. ಆದರೆ ಕಟ್ಟೆಯನ್ನು ತೆಗೆದದ್ದಕ್ಕೆ ಅಂಥ ಕಾರಣವಿರಲಿಲ್ಲ. ಸ್ಕೂಟರು ನಿಲ್ಲಿಸಲು ಜಾಗ ಬೇಕಿತ್ತು, ಅಷ್ಟೇ. ಪಡಸಾಲೆ ಇದ್ದಲ್ಲಿ ಗ್ರಿಲ್ಲು ಹಾಕಿದ ವರಾಂಡ ಬಂತು, ಗೋಡೆಗೆ ತಿಳಿಹಸಿರು ಎಣ್ಣೆಬಣ್ಣ.

ಮರುವರ್ಷ ರೂಢಿಯಂತೆ ಜನ ಬಂದರು. ನಾನು ರಜೆಯಲ್ಲಿದ್ದೆ. ಬಹಳ ನಡೆದವರು ಅಂಗಾತ ಮಲಗಿ, ಬಾವು ಇಳಿಯಲೆಂದು ಎರಡೂ ಕಾಲನ್ನು ಗೋಡೆಗೆ ಆನಿಸಿ ಮೇಲಿಡುತ್ತಾರೆ. ಹಳೆಯ ಪಡಸಾಲೆಯ ಗೋಡೆಯ ಮೇಲೆ ಪ್ರತಿವರ್ಷ ಹೆಜ್ಜೆಗಳ ಒಂದು ಸಾಲು ಮೂಡುತ್ತಿತ್ತು, ಎಣ್ಣೆ ಅರಿಸಿನ ಧೂಳು ಕೂಡಿದ ಕಂದು ಹೆಜ್ಜೆಗಳು. ಅವರು ಹೋದ ಮೇಲೆ ಅವ್ವ ಒಂದು ಕೈ ಮಣ್ಣು ಸವರಿದರೆ ಮುಗಿಯಿತು. ಅಂದು ಹೊಸ ವರಾಂಡದಲ್ಲಿ ಒಬ್ಬ ಮುದುಕ ಹಾಗೆ ಕಾಲು ಮೇಲಿಟ್ಟಾಗ ನಾನು ಅಂದೆ: ‘ಯಜಮಾನ್ರ, ಗ್ವಾಡಿ ಹೊಲಸಾಗತೈತಿ, ಕಾಲ ಕೆಳಗ ಇಳಸ್ರಿ.’ ಆತ ಇಳಿಸಿದ. ಎದ್ದು ಕೂತು ಗೋಡೆಯನ್ನು ಧೋತರದ ಚುಂಗಿನಿಂದ ಒರೆಸಿದ. ಅಪ್ಪ ಒಳಗಿನಿಂದ ಕೇಳಿಸಿಕೊಂಡವನು ಚಾಪೆ ತೆಗೆದುಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಅಲ್ಲಿಗೇ ಹೋದರು. ಅದರ ಮುಂದಿನ ವರ್ಷದಿಂದ ಅವರು ಊರ ಹೊರಗಿನ ಶಾಮಿಯಾನದಲ್ಲಿ ಇಳಿಯುತ್ತಾರೆ.

ಇದನ್ನು ಅಂದು ಕಾಲೇಜಿನಲ್ಲಿ ಹೇಳಲಿಲ್ಲ. ದೀಪದ ಗೂಡುಗಳನ್ನು ತೆಗೆ, ಅಲ್ಲಿ ಜನ ಕಾಲಿಡುತ್ತಾರೆ, ಅಲ್ಲಿ ಗೋಡೆ ಬರಿದಾಗಿರಲಿ, ಅಷ್ಟು ಪಟ್ಟಿಗೆ ಮಾತ್ರ ಸಿಮೆಂಟಿಲ್ಲದ ಬರೀ ಮಣ್ಣಿನ ಸಾರಣೆ ಮಾಡು ಎಂದೆ. ಹುಡುಗಿ ಬರೆದುಕೊಂಡಳು. ‘ಎಷ್ಟು ಎತ್ತರ ಸರ್? ನೆಲದಿಂದ ಎಷ್ಟು?’ ಎಂದು ಕೇಳಿದಳು. ಆ ಏಳು ಹಾಳೆಗಳ ಕೆಲಸದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೇ. ನನಗೆ ಉತ್ತರ ಹೊಳೆಯಲಿಲ್ಲ. ಆ ಗೋಡೆಯನ್ನು ಕೆಡವುವ ಮುಂಚೆ ಇಡೀ ಮನೆಯ ಅಳತೆ ತೆಗೆದವನು ನಾನು. ಕಿಟಕಿ, ಬಾಗಿಲು, ತೊಲೆ ಎಲ್ಲವೂ ನನ್ನ ಹಳೆಯ ಡೈರಿಯಲ್ಲಿ ಇವೆ. ಹೆಜ್ಜೆಯ ಸಾಲಿನ ಅಳತೆ ಇಲ್ಲ.

ಊರಿಗೆ ಬಂದವನೇ ಅಕ್ಕನಿಗೆ ಫೋನು ಮಾಡಿದೆ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಅವ್ವ ಸಾರಸು ಮುಂದ ಆ ಹೆಜ್ಜಿ ಮ್ಯಾಲ ನಾ ಕೈ ಇಟ್ಟು ಆಡತಿದ್ದೆ. ನನ್ನ ಎದಿ ಮಟ ಬರತಿದ್ದುವು. ಆಗ ನಾ ಎರಡನೇತ್ತ ಇದ್ದೆ’ ಎಂದಳು. ಮೊಮ್ಮಗಳು ಈಗ ಎರಡನೆಯ ತರಗತಿ. ಅವಳನ್ನು ಗೋಡೆಗೆ ನಿಲ್ಲಿಸಿ ಟೇಪು ಹಿಡಿದೆ. ಎರಡು ಅಡಿ ಹತ್ತು ಇಂಚು. ಹುಡುಗಿಗೆ ಅಷ್ಟನ್ನೇ ಬರೆದು ಕಳಿಸಿದ್ದೇನೆ.